ಮಾನ್ಯತೆಗೆ ಕಾದ ವಾರ್ಡಿನಲ್ಲಿ

ಆಸ್ಪತ್ರೆಯಲ್ಲಿ ನಗುವಂಥದ್ದು ಏನಿರುತ್ತದೆ ಎನ್ನುವವರು ನಮ್ಮ ವಾರ್ಡಿನಲ್ಲಿ ಒಂದು ಪಾಳಿ ಕೂತು ನೋಡಬೇಕು. ವಿಜಯಪುರದ ಒಂದು ಆಸ್ಪತ್ರೆಯಲ್ಲಿ ನಾನು ನರ್ಸು. ಹೋದ ವರ್ಷ ನಮ್ಮವರು ಉತ್ತಮ ಶುಶ್ರೂಷೆಯ ಮಾನ್ಯತೆಗೆ ಅರ್ಜಿ ಹಾಕಿದರು. ಅವತ್ತಿನಿಂದ ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಬಾಯಿಯವರು ತಾವೂ ಕೂರಲಿಲ್ಲ, ನಮ್ಮನ್ನೂ ಕೂರಗೊಡಲಿಲ್ಲ.

ಕೈ ತೊಳದೀಯೇನು?

ಮುಟ್ಟುವ ಮೊದಲು ನಾವು ಕೈ ತೊಳೆಯದಿದ್ದರೆ ನೆನಪಿಸಿರಿ ಎಂದು ಪೇಷಂಟುಗಳಿಗೇ ಹೇಳಿದ್ದೆವು. ಆಪರೇಷನ್ ಆಗಿದ್ದ ಟಿಕೋಟಾದ ಅಜ್ಜಿ ಇದನ್ನು ಮನಸ್ಸಿಗೆ ಹಚ್ಚಿಕೊಂಡುಬಿಟ್ಟಳು. ಗಾಯ ನೋಡಲು ಬಂದ ದೊಡ್ಡ ಡಾಕ್ಟರನ್ನೂ ನಲ್ಲಿಗೆ ಅಟ್ಟಿದಳು. ಗಾಯ ಕೀವಾಗದೆ ಚೆಂದ ಒಣಗಿತು. ಅಜ್ಜಿ ಮನೆಗೆ ಹೊರಟಾಗ ನಾನು ಕಾಲಿಗೆ ಬಿದ್ದೆ. ಆಶೀರ್ವಾದಕ್ಕೆ ಎತ್ತಿದ ಕೈಯನ್ನು ಅಜ್ಜಿ ಅರ್ಧಕ್ಕೇ ನಿಲ್ಲಿಸಿದಳು.

"ತಡಿ ಬೇ, ತೊಳ್ಕೊಂಡ ಬರ್ತೀನಿ."

ನಿಮ್ಮ ಹೆಸರೇನ್ರಿ?

ಪ್ರತಿ ಮಾತ್ರೆಗೂ ಹೆಸರು ಕೇಳಬೇಕೆಂಬುದು ಇನ್ನೊಂದು ನಿಯಮ. ಸಕ್ಕರೆ ಕಾಯಿಲೆಯಿಂದ ಬಂದಿದ್ದ ಬಬಲೇಶ್ವರದ ದ್ರಾಕ್ಷಿ ಬೆಳೆಗಾರರೊಬ್ಬರಿಗೆ ಇದು ಬೇಸರ. ಈ ಹುಡುಗಿಯರಿಗೆ ಮರೆವಿನ ರೋಗ ಇದ್ದಂಗೈತಿ ಎಂದು ಹೆಂಡತಿಯ ಹತ್ತಿರ ಮರುಗಿದ್ದರಂತೆ.

ಮೂರನೇ ದಿನ ಮಾತ್ರೆ ಹಿಡಿದು ಅವರ ಹೆಸರು ಕೇಳಿದೆ. ಸಿದ್ದಪ್ಪ ಎಂದರು. ತಂದೆಯ ಹೆಸರು ಕೇಳಿದರೆ ಮಾತ್ರೆಯ ಚೀಟಿಗೆ ತಾಳೆಯಾಗಲಿಲ್ಲ. ಅದು ಪಕ್ಕದ ಹಾಸಿಗೆಯ ಇನ್ನೊಬ್ಬ ಸಿದ್ದಪ್ಪನವರ ಹೃದಯದ ಮಾತ್ರೆ. ತಪ್ಪಾಗುತ್ತಿತ್ತು ಎಂದು ಅವರಿಗೆ ಇದ್ದದ್ದು ಇದ್ದಂಗೆ ಹೇಳಿದೆ. ಆಮೇಲೆ ಹಾಸಿಗೆಯ ಹತ್ತಿರ ಯಾರೇ ಬರಲಿ, ಕೇಳುವ ಮೊದಲೇ ಅವರದು ಶುರು: ಹೆಸರು, ಅಪ್ಪನ ಹೆಸರು, ಊರು, ಹೊಲದ ಸರ್ವೆ ನಂಬರು. ಚಹಾ ಕೊಡಲು ಬಂದವನನ್ನೂ ಬಿಡಲಿಲ್ಲ.

ಚಾಚಾನ ಸಾಕ್ಷಿ

ಮಾನ್ಯತೆ ನಮಗೆ ಸಿಕ್ಕಿತು. ಅದು ಸಿಕ್ಕಿದ್ದು ಚಾಚಾನಿಂದ ಎಂದು ಈಗಲೂ ನಗುತ್ತೇವೆ.

ಗೋಳಗುಮ್ಮಟದ ಹತ್ತಿರ ಟೊಪ್ಪಿಗೆ ಮಾರುವ ಈ ವಯಸ್ಸಾದ ಚಾಚಾನಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಮರುದಿನವೇ ಎಬ್ಬಿಸಿ ನಡೆಸಿದೆವು. ಕಫ ಕಟ್ಟದಿರಲೆಂದು, ಉಸಿರೆಳೆದು ಗುಂಡು ಮೇಲೇರಿಸುವ ಪ್ಲಾಸ್ಟಿಕ್ ಯಂತ್ರ ಎಳೆಸಿದೆವು. ನಮ್ಮನ್ನು ಕಂಡರೆ ಆತ ಗೊರಕೆಯ ನಾಟಕ ಆಡುತ್ತಿದ್ದ. ಮಾನ್ಯತೆ ಕೊಡುವ ಪರೀಕ್ಷಕರು ಬಂದ ದಿನ, ಅವನೊಬ್ಬನ ಹತ್ತಿರ ಹೋಗದಿದ್ದರೆ ಸಾಕು ಎಂದು ಮೇಟ್ರನ್ ಬಾಯಿ ಸಿದ್ಧೇಶ್ವರನಿಗೆ ತೆಂಗಿನಕಾಯಿಯ ಹರಕೆ ಹೊತ್ತರು. ಪರೀಕ್ಷಕರು ನೆಟ್ಟಗೆ ಅಲ್ಲಿಗೇ ಹೋದರು. ಈ ವಯಸ್ಸಿನಲ್ಲಿ ಇಷ್ಟು ಬೇಗ ಹೇಗೆ ಗುಣವಾಯಿತು ಎಂದು ಕೇಳಿದರು.

ಚಾಚಾ ನಮ್ಮನ್ನೆಲ್ಲ ಒಮ್ಮೆ ನೋಡಿದ.

"ಮಲಗಿದ್ರ ಎಬ್ಬಸ್ತಾರ, ಎದ್ರ ನಡಸ್ತಾರ, ಕುಂತ್ರ ಗುಂಡ ಎಳಸ್ತಾರ. ಆರಾಮ ಆಗಲಾರದ ಇಲ್ಲಿಂದ ಬಿಡೂದಿಲ್ಲ ಅಂತ ಗೊತ್ತಾತ್ರಿ. ಅದಕ್ಕ ಲಗೂ ಆರಾಮ ಆಗಿಬಿಟ್ಟೆ."