ಅತ್ತೆಯ ಒರಳುಕಲ್ಲು, ನನ್ನ ಸರಳ ಯಂತ್ರಗಳು

ನನ್ನ ಒಂದು ದೌರ್ಬಲ್ಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾವ ವಸ್ತುವಿನ ಬಗ್ಗೆ ಬೇಕಾದರೂ ನಾನು ನಲವತ್ತು ನಿಮಿಷ ಪಾಠ ಹೇಳಬಲ್ಲೆ. ಆ ವಸ್ತುವೇ ಎದುರಿಗೆ ಬಂದರೆ ಮಾತ್ರ ಕೈಕಾಲು ಆಡುವುದಿಲ್ಲ. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಾಗಿ ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ಎಂದು ಸುತ್ತಿ, ಹೋದಲ್ಲೆಲ್ಲ ಮಕ್ಕಳಿಗೆ ‘ಸರಳ ಯಂತ್ರಗಳು’ ಪಾಠ ಮಾಡಿದ್ದೇನೆ. ಸನ್ನೆ, ಚಕ್ರ, ಇಳಿಜಾರು. ಸನ್ನೆ ಎಂದರೆ ಒಂದು ಕೋಲು. ಅದರ ಕೆಳಗೆ ಆತುಕೊಳ್ಳಲು ಒಂದು ಆನಿಕೆ, ಒಂದು ತುದಿಗೆ ಭಾರ, ಇನ್ನೊಂದು ತುದಿಗೆ ಬಲ. ಬೋರ್ಡಿನ ಮೇಲೆ ನಾನು ಬರೆದ ಸನ್ನೆಯ ಚಿತ್ರವನ್ನು ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಹೊಗಳಿದ್ದರು. ಆ ಹೊಗಳಿಕೆಯನ್ನು ಹೆಂಡತಿ ಜಯಳಿಗೆ ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನಾನು ಗಂಟಲು ಸರಿಮಾಡಿಕೊಂಡರೆ ಸಾಕು, ಅವಳು ಎದ್ದು ರುಬ್ಬಲು ಹೋಗುತ್ತಾಳೆ.

ರುಬ್ಬುವುದು ಎಂದೆನಲ್ಲ, ತೊಂದರೆ ಇದ್ದದ್ದು ಅಲ್ಲಿಯೇ. ಜಯಳ ತವರು ಹೇಮಗಿರಿ ಹತ್ತಿರದ ಒಂದು ಹಳ್ಳಿ. ಅವಳ ತಾಯಿ ತೀರಿಕೊಂಡಾಗ ಅಣ್ಣಂದಿರು, ‘ನಿನಗೇನು ಬೇಕವ್ವ?’ ಎಂದು ಕೇಳಿದರು. ಅವಳು ಓಲೆ ಕೇಳಲಿಲ್ಲ, ಸೀರೆ ಕೇಳಲಿಲ್ಲ, ಅವ್ವನ ಒರಳುಕಲ್ಲು ಕೇಳಿದಳು. ಆ ಕಲ್ಲಿನ ಅಂಚಿನಲ್ಲಿ ಒಂದು ಕಡೆ ಅಂಗೈಯಗಲ ಸವೆದಿದೆ. ಅತ್ತೆ ರುಬ್ಬುವಾಗ ಎಡಗೈ ಊರುತ್ತಿದ್ದ ಜಾಗ ಅದು. ಜಯಳೂ ಅಲ್ಲೇ ಕೈ ಊರಿಕೊಂಡು ರುಬ್ಬುತ್ತಾಳೆ. ವರ್ಗವಾದಾಗಲೆಲ್ಲ ನಾನು ಐದಾರು ಜನರ ಕೈಕಾಲು ಹಿಡಿದು ಅದನ್ನು ಎತ್ತಿಸುತ್ತಿದ್ದೆ. ಕೆ.ಆರ್. ಪೇಟೆ ಬಿಡುವಾಗ ಹುಮ್ಮಸ್ಸಿನಲ್ಲಿ ನಾನೂ ಕೈ ಹಾಕಿ, ಸೊಂಟ ಹಿಡಿದುಕೊಂಡು ಹದಿನೈದು ದಿನ ಮಲಗಿದೆ. ಮಲಗಿದಲ್ಲೇ ಮಕ್ಕಳ ಉತ್ತರಪತ್ರಿಕೆ ತಿದ್ದಿದೆ. ‘ಸನ್ನೆಯ ಉಪಯೋಗವೇನು?’ ಎಂಬ ಪ್ರಶ್ನೆಗೆ ‘ಸೊಂಟ ಉಳಿಯುತ್ತದೆ’ ಎಂದು ಬರೆದಿದ್ದವನಿಗೆ ಪೂರ್ತಿ ಅಂಕ ಕೊಟ್ಟೆ.

ತೊಂಬತ್ತರ ದಶಕದ ನಡುವೆ ನಾಗಮಂಗಲದಿಂದ ಪಾಂಡವಪುರಕ್ಕೆ ವರ್ಗವಾಯಿತು. ಆ ಹೊತ್ತಿಗೆ ಮನೆಮನೆಗೂ ಮಿಕ್ಸಿ ಬಂದಿತ್ತು. ‘ಒಂದು ಮಿಕ್ಸಿ ತಂದುಕೊಡುತ್ತೇನೆ, ಕಲ್ಲನ್ನು ಇಲ್ಲೇ ಬಿಟ್ಟುಬಿಡೋಣ’ ಎಂದೆ. ಜಯ ಹಪ್ಪಳದ ಡಬ್ಬಿಗೆ ಹಗ್ಗ ಬಿಗಿಯುತ್ತಾ, ತಲೆ ಎತ್ತದೆ, “ಕಲ್ಲು ಬರ್ದಿದ್ರೆ ನಾನೂ ಬರಾಕಿಲ್ಲ” ಎಂದಳು. ಅವಳು ಹಾಗೆ ತಲೆ ಎತ್ತದೆ ಹೇಳಿದ ಮಾತು ಎಂದೂ ಬದಲಾದದ್ದಿಲ್ಲ. ಆಗ ನಾನೊಂದು ಹಲ್ಕಾ ಕೆಲಸ ಮಾಡಿದೆ. ಹಿತ್ತಲ ಬೇಲಿಯಾಚೆ ಹಾಲು ಮಾರುವ ಸಾಕಮ್ಮನ ಮನೆ. ವಯಸ್ಸು ಐವತ್ತರ ಮೇಲೆ, ಆಳು ಕಡ್ಡಿಯ ಹಾಗೆ. ಅವಳನ್ನು ಕರೆದು, ‘ಸಾಕಮ್ಮ, ಈ ಕಲ್ಲು ನೀನೇ ಇಟ್ಟುಕೊ. ಇದನ್ನು ಯಾರಿಂದಲೂ ಎತ್ತಲಾಗುವುದಿಲ್ಲ, ನಾವು ಹೋದಮೇಲೆ ನಿಧಾನವಾಗಿ ಸಾಗಿಸಿಕೊ’ ಎಂದು ಗುಟ್ಟಾಗಿ ಹೇಳಿದೆ. ಜಯಳಿಗೆ ಮಾತ್ರ, ‘ಆಳುಗಳಿಗೆ ಹೇಳಿದ್ದೇನೆ, ಬರುತ್ತಾರೆ’ ಎಂದೆ. ಯಾರಿಗೂ ಹೇಳಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಬೆಳ್ಳೂರು ಕ್ರಾಸಿನಿಂದ ಲಾರಿ ಬಂತು. ಓಣಿಯೊಳಗೆ ನುಗ್ಗಲಾರದೆ ದೊಡ್ಡ ರಸ್ತೆಯಲ್ಲೇ ನಿಂತಿತು. ಸಾಮಾನೆಲ್ಲ ಹೋಯಿತು. ಜಯ ಹಿತ್ತಲಲ್ಲಿ ಕಲ್ಲಿನ ಪಕ್ಕ ಕುಳಿತು ಆಳುಗಳ ದಾರಿ ನೋಡುತ್ತಿದ್ದಳು. ‘ಕೈಕೊಟ್ಟರು ಕಣೆ, ಏನು ಮಾಡುವುದು, ಇದೇನು ಎತ್ತುವ ಕಲ್ಲೇ?’ ಎಂದು ನಾನು ಮುಖ ಸಪ್ಪಗೆ ಮಾಡಿದೆ. ಅವಳು ಅಂಚಿನ ಆ ಸವೆದ ಜಾಗವನ್ನು ಸೆರಗಿನಿಂದ ಒರೆಸಿದಳು. ನನಗೆ ನಾಚಿಕೆಯಾಯಿತು, ಆದರೆ ಸೊಂಟದ ನೆನಪು ನಾಚಿಕೆಗಿಂತ ಬಲವಾಗಿತ್ತು.

ಅಷ್ಟರಲ್ಲಿ ಸಾಕಮ್ಮ ಹೆಗಲ ಮೇಲೆ ಹಾರೆ ಹೊತ್ತು ಬೇಲಿ ದಾಟಿ ಬಂದೇಬಿಟ್ಟಳು. “ಇನ್ನೂ ಒಂಟಿಲ್ವಾ ಮೇಷ್ಟ್ರೆ? ಮದ್ಯಾನ್ದ ಮ್ಯಾಕೆ ಹಾಲ್ ಕರಿಬೇಕು, ಅದ್ಕೇ ಈಗ್ಲೇ ಬಂದ್ಬುಟ್ಟೆ. ನೀವ್ ಕೊಟ್ಟ ಕಲ್ಲ ತಕಂಡೋಯ್ತೀನಿ.”

ಜಯ ನನ್ನನ್ನು ನೋಡಿದಳು. ನಾನು ಬೇಲಿಯನ್ನು ನೋಡಿದೆ. ಅವಳು ಸಾಕಮ್ಮನಿಗೆ ಹೇಳಿದ್ದು ಒಂದೇ ಮಾತು: “ಇದು ನಮ್ಮವ್ವನ ಕಲ್ಲು ಕಣಕ್ಕ.”

ಸಾಕಮ್ಮ ಹೆಗಲ ಮೇಲಿನ ಹಾರೆ ಇಳಿಸಿ ನನ್ನ ಕಡೆ ತಿರುಗಿ, “ಅವ್ವನ್ ಕಲ್ಲ ಯಾರಾರ ದಾನ ಕೊಟ್ಟಾರಾ ಮೇಷ್ಟ್ರೆ? ವಸಿ ಅತ್ಲಾಗಿ ನಿಂತ್ಕಳಿ” ಎಂದಳು. ನಿಂತುಕೊಂಡೆ. ಅಲ್ಲಿಂದ ಮುಂದೆ ನಡೆದದ್ದನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಅವಳು ಹಾರೆಯ ತುದಿಯನ್ನು ಕಲ್ಲಿನ ಬುಡಕ್ಕೆ ತೂರಿಸಿದಳು. ಹಾರೆಯ ಕೆಳಗೆ ಒಂದು ಚಪ್ಪಡಿ ಚೂರು ಇಟ್ಟಳು. ಇನ್ನೊಂದು ತುದಿಯ ಮೇಲೆ, ತೊಟ್ಟಿಲು ತೂಗುವವಳ ಹಾಗೆ, ಒಂದು ಕೈ ಇಟ್ಟು ಒತ್ತಿದಳು. ಐದಾರು ಜನ ಏದುಸಿರು ಬಿಟ್ಟು ಎತ್ತುತ್ತಿದ್ದ ಕಲ್ಲು, ನಿದ್ದೆಯಿಂದ ಎದ್ದಂತೆ, ಮೆಲ್ಲಗೆ ಮೇಲೆದ್ದಿತು! ನಾನು ಇಪ್ಪತ್ತು ವರ್ಷ ಸೀಮೆಸುಣ್ಣದಲ್ಲಿ ಬರೆದದ್ದು ಅದೇ ಚಿತ್ರ. ಆದರೆ ಅದು ನಿಜವಾಗಿ ಕೆಲಸ ಮಾಡುತ್ತದೆ ಎಂದು ನಾನು ಒಳಗೊಳಗೆ ನಂಬಿಯೇ ಇರಲಿಲ್ಲ ಎಂಬುದು ಆಗ ತಿಳಿಯಿತು. ಎದ್ದ ಕಲ್ಲಿನಡಿಗೆ ಜಯ ಬೇಲಿಯ ಪಕ್ಕ ಬಿದ್ದಿದ್ದ ದುಂಡನೆಯ ಸರ್ವೆ ಮರದ ಗಳಗಳನ್ನು ಕೊಟ್ಟಳು. ಇಬ್ಬರೂ ತಳ್ಳಿದರೆ ಕಲ್ಲು ಗಳಗಳ ಮೇಲೆ ಉರುಳುತ್ತಾ ಹೊರಟಿತು. ಹಿಂದೆ ಉಳಿದ ಗಳವನ್ನು ತೆಗೆದು ಮುಂದಕ್ಕೆ ಹಾಕುವುದು, ಮತ್ತೆ ತಳ್ಳುವುದು; ಓಣಿಗೆ ಬಂದೇ ಬಂತು.

ಓಣಿಯಲ್ಲಿ ಸಾಕಮ್ಮ ತನ್ನ ಎತ್ತಿನ ಗಾಡಿ ನಿಲ್ಲಿಸಿದ್ದಳು. ಎತ್ತು ಬಿಚ್ಚಿ, ಗಾಡಿಯನ್ನು ಹಿಂದಕ್ಕೆ ವಾಲಿಸಿದಳು. ಗಾಡಿಯ ಹಿಂಭಾಗ ನೆಲ ಮುಟ್ಟಿತು, ನೊಗ ಆಕಾಶ ನೋಡಿತು. ಆ ಇಳಿಜಾರಿನಲ್ಲಿ ಕಲ್ಲನ್ನು ನೂಕಿ ಗಾಲಿಯ ನೇರಕ್ಕೆ ತಂದು ಅಡ್ಡಗಲ್ಲು ಕೊಟ್ಟರು. ಸಾಕಮ್ಮ ನೊಗಕ್ಕೆ ಕಟ್ಟಿದ್ದ ಹಗ್ಗ ಹಿಡಿದು ಜಗ್ಗಿದಳು. ಇಡೀ ಗಾಡಿ, ಕಲ್ಲು ಸಮೇತ, ವಿಧೇಯವಾಗಿ ಸಮನಾಗಿ ನಿಂತಿತು. ಇಳಿಜಾರು, ಚಕ್ರ, ಸನ್ನೆ: ನನ್ನ ಇಡೀ ಪಾಠ ಒಂದು ಗಾಡಿಯಲ್ಲಿತ್ತು. ನಾನು ಬಾಯಿ ತೆರೆದುಕೊಂಡು ನಿಂತೇ ಇದ್ದೆ. ಚಪ್ಪಾಳೆ ತಟ್ಟಬೇಕು ಅನ್ನಿಸಿತು, ಧೈರ್ಯ ಬರಲಿಲ್ಲ.

“ಇದ್ನೆಲ್ಲ ಎಲ್ಲಿ ಕಲಿತೆ ಸಾಕಮ್ಮ?” ಎಂದೆ.

“ಕಲ್ಯೋದೇನ್ ಬಂತು ಮೇಷ್ಟ್ರೆ? ಬೆನ್ನು ನೋಯ್ತದಲ್ಲ, ಅದೇ ಏಳ್ಕೊಡ್ತದೆ.”

ಎತ್ತು ಕಟ್ಟಿ ಗಾಡಿಯನ್ನು ದೊಡ್ಡ ರಸ್ತೆಗೆ ಹೊಡೆದು, ನಡುವೆ ಹಲಗೆ ಹಾಕಿ ಕಲ್ಲನ್ನು ಲಾರಿಗೆ ನೂಕಿದರು. ಲಾರಿ ಹೊರಡುವ ಮುಂಚೆ ಸಾಕಮ್ಮ ಹಾರೆಯನ್ನೂ ಜಯಳ ಕೈಗೆ ಕೊಟ್ಟು, “ಮಡಿಕಳವ್ವ, ಅಲ್ಲೂ ಇಳಿಸ್ಬೇಕಲ್ಲ” ಎಂದಳು. ಜಯ ಲಾರಿ ಹತ್ತಿ, ನಾನು ಪಾಠದ ಟಿಪ್ಪಣಿ ಬರೆಯುತ್ತಿದ್ದ ಬೆತ್ತದ ಆರಾಮ ಕುರ್ಚಿಯನ್ನು ಇಳಿಸಿ ಸಾಕಮ್ಮನ ಮುಂದಿಟ್ಟಳು. “ಆಸೆ ತೋರ್ಸಿ ಬರಿಗೈಲಿ ಕಳಿಸಬಾರದು” ಎಂದದ್ದು ನನಗೆ. ಕುರ್ಚಿ ತುಂಬ ಹಗುರ, ಅದಕ್ಕೆ ಯಾವ ಯಂತ್ರವೂ ಬೇಕಾಗಲಿಲ್ಲ.

ಪಾಂಡವಪುರದ ಮನೆ ಮುಂದೆ ಹಲಗೆಯ ಮೇಲೆ ಕಲ್ಲನ್ನು ಜಾರಿಸಿ ಲಾರಿ ಹೊರಟುಹೋಯಿತು. ಜಯ ಸೆರಗು ಸಿಕ್ಕಿಸಿ ಹಾರೆ ಹಿಡಿದಳು. ಪಶ್ಚಾತ್ತಾಪ ಪಟ್ಟಿದ್ದ ನಾನು ತೋಳು ಮಡಿಸಿ ಮುಂದೆ ಬಂದೆ.

“ನೀವ್ ಕೈ ಹಾಕ್ಬೇಡಿ” ಎಂದಳು. “ಕೂರಾಕೆ ಕುರ್ಚಿನೂ ಇಲ್ಲ. ಅಲ್ಲೇ ನಿಂತ್ಕೊಂಡು ಯಾವುದ್ಯಾವುದಕ್ಕೆ ಏನೇನ್ ಹೆಸ್ರು ಅಂತ ಏಳ್ತಾ ಓಗಿ, ಸಾಕು.”

ಹೇಳಿದೆ. ಹಾರೆ ತೋರಿಸಿ ಸನ್ನೆ ಎಂದೆ, ಚಪ್ಪಡಿ ಚೂರು ತೋರಿಸಿ ಆನಿಕೆ ಎಂದೆ, ಅವಳ ಕೈ ತೋರಿಸಿ ಬಲ ಎಂದೆ. ಕಲ್ಲು ಸಲೀಸಾಗಿ ಹೊಸಿಲು ದಾಟಿ ಒಳಗೆ ಹೋಯಿತು. ಭಾರ ಯಾವುದೆಂದು ಹೇಳುವುದು ಬಾಕಿಯಿತ್ತು; ಹೊರಗೆ ಉಳಿದಿದ್ದವನು ನಾನೊಬ್ಬನೇ.