ಕಲ್ಲಿನ ಮೇಲಿನ ಹತ್ತೊಂಬತ್ತು

ಎಲೀಷ ಮೇಷ್ಟ್ರು ಹತ್ತೊಂಬತ್ತುನೂರ ತೊಂಬತ್ತೊಂಬತ್ತರೊಳಗೇ ಸಾಯಬೇಕಾಗಿತ್ತು. ಸಾಯಲಿಲ್ಲ. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಹೆಂಡತಿ ರೂತಮ್ಮ ತೀರಿಕೊಂಡಾಗ ಅವರು ಶ್ರೀನಿವಾಸಪುರದ ಚರ್ಚಿನ ಸಭೆಯವರನ್ನು ಕಾಡಿ ಬೇಡಿ, ಸ್ಮಶಾನದಲ್ಲಿ ಆಕೆಯ ಪಕ್ಕದ ಜಾಗವನ್ನು ತಮಗೆಂದು ಉಳಿಸಿಕೊಂಡಿದ್ದರು. ಸ್ಮಶಾನ ಚಿಕ್ಕದು, ಕೇಳುವವರು ಬಹಳ. ನಾಳೆ ಯಾರೂ ತಕರಾರು ಎತ್ತಬಾರದೆಂದು ಇಬ್ಬರಿಗೂ ಸೇರಿಸಿ ಒಂದೇ ಕಲ್ಲು ನಿಲ್ಲಿಸಿದರು. ಎಡಕ್ಕೆ ರೂತಮ್ಮ, 1938–1991. ಬಲಕ್ಕೆ ಎಲೀಷ, 1936–19. ಮುಂದಿನ ಎರಡು ಅಂಕಿ ದೇವರಿಗೆ ಬಿಟ್ಟಿದ್ದು. ಆ ದುಃಖದಲ್ಲಿ ಮನುಷ್ಯ ಎಲ್ಲಿ ಹೊಸ ಶತಮಾನದ ಯೋಚನೆ ಮಾಡ್ತಾನೆ, ನೀವೇ ಹೇಳಿ.

ಆದರೆ ಮೇಷ್ಟ್ರಿಗೆ ಸಾಯಲು ಪುರಸೊತ್ತು ಸಿಗಲಿಲ್ಲ. ರಿಟೈರಾದ ಮೇಲೂ ಜಗುಲಿಯ ಮೇಲೆ ಸಂಜೆ ಪಾಠ, ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಬೈಬಲ್ ಕತೆ, ಆಮೇಲೆ ಆರಾಧನೆಗೆ ಹಾರ್ಮೋನಿಯಂ. ಜೇಬಿನಲ್ಲಿ ಸದಾ ಒಂದು ಚಾಕ್‌ಪೀಸು. ತಪ್ಪು ಕಂಡರೆ ತಿದ್ದದೆ ಮುಂದಕ್ಕೆ ಹೋಗುವ ಜನ್ಮವೇ ಅಲ್ಲ ಅದು. "ಒಂದು ತಪ್ಪು ತಿದ್ದಿ ಕೈ ತೊಳ್ಕೋಬೇಡ್ರೋ. ಅದೇ ತಪ್ಪು ಇನ್ನೆಲ್ಲೆಲ್ಲಿ ಇದೆಯೋ ಹುಡುಕಿ, ಅಲ್ಲೂ ತಿದ್ದಿ" ಎಂದು ಮೂವತ್ತು ವರ್ಷ ಹೇಳಿಕೊಟ್ಟಿದ್ದರು. ಪೇಟೆಯ ಅರ್ಧ ಜನ ಆ ಮಾತು ಕೇಳಿಕೊಂಡೇ ಬೆತ್ತದ ಏಟು ತಿಂದವರು.

ಎರಡು ಸಾವಿರದ ಹೊಸವರ್ಷದ ದಿನ ಆರಾಧನೆ ಮುಗಿಸಿ ಎಲ್ಲರೂ ತಮ್ಮವರ ಸಮಾಧಿಗೆ ಹೂವಿಡಲು ಹೋದರು. ಮೇಷ್ಟ್ರು ಸೇವಂತಿಗೆ ಇಟ್ಟು ತಲೆಯೆತ್ತಿದರೆ, ಸಭೆಯ ಕಾರ್ಯದರ್ಶಿ ಕರುಣಾಕರ್ ಕನ್ನಡಕ ಏರಿಸಿಕೊಂಡು ಕಲ್ಲನ್ನೇ ಓದುತ್ತಾ ನಿಂತಿದ್ದರು. ತಾಲ್ಲೂಕಾಫೀಸಿನಲ್ಲಿ ಗುಮಾಸ್ತರಾಗಿದ್ದವರು. ಮನುಷ್ಯ ಕೆಟ್ಟವರಲ್ಲ, ಆದರೆ ರೂಲ್ಸು ಅಂದರೆ ರೂಲ್ಸು.

"ಮೇಷ್ಟ್ರೇ, ಹತ್ತೊಂಬತ್ತು ಅಂತ ಹಾಕ್ಸಿದೀರಲ್ಲ, ನೆನ್ನೆಗೆ ಮುಗೀತಲ್ಲ ಅದು!"

"ಏನು ಮಾಡ್ಲಿ ಕರುಣಾಕರ್, ನಾನು ಮುಗೀಲಿಲ್ಲ."

"ತಮಾಷೆ ಅಲ್ಲ. ಸಂಜೆ ಐದಕ್ಕೆ ಕಮಿಟಿ ಇಲ್ಲೇ ಸೇರುತ್ತೆ, ಜಾಗದ ವಿಷ್ಯಕ್ಕೆ. ಅವಧಿ ಮೀರಿದ ಜಾಗ ನಮಗೆ ಕೊಡಿ ಅಂತ ಆಗ್ಲೇ ಇಬ್ರು ಕೇಳಿದಾರೆ. ಅಷ್ಟರೊಳಗೆ ಸರಿ ಮಾಡಿಸ್ಬಿಡಿ. ಕಲ್ಲಲ್ಲಿ ಏನಿದೆಯೋ ಅದೇ ಲೆಕ್ಕ ನನಗೆ."

ಮೇಷ್ಟ್ರು ಕಲ್ಲಿನ ಎಡಬದಿಗೆ ತಿರುಗಿ ನೋಡಿದರು. ಆಸ್ಪತ್ರೆಯಲ್ಲಿ ರೂತಮ್ಮ ಕೈ ಹಿಡಿದುಕೊಂಡು ಹೇಳಿದ್ದು ಇಷ್ಟೇ: "ನಂಗೆ ಒಬ್ಳೇ ಇರೋಕೆ ಭಯ ಕಣ್ರೀ. ಬೇಗ ಬರ್ಬೇಡಿ. ಆದ್ರೆ ಬರೋವಾಗ ನನ್ನ ಪಕ್ಕಕ್ಕೇ ಬನ್ನಿ." ಹೂಂ ಅಂದಿದ್ದರು. ಆಕೆಗೆ ಕೊಟ್ಟ ಮಾತುಗಳಲ್ಲಿ ಉಳಿದಿದ್ದು ಅದೊಂದೇ.

ನೇರ ಮಾವಿನ ಮಂಡಿ ಹಿಂದಿನ ಮುನಿಕೃಷ್ಣಪ್ಪನ ಶೆಡ್ಡಿಗೆ ಓಡಿದರು. ಕಲ್ಲು ಕೆತ್ತುವ ಮುನಿಕೃಷ್ಣಪ್ಪ ಅವರ ಹಳೇ ಶಿಷ್ಯ. ಮೇಷ್ಟ್ರನ್ನು ಕಂಡು ಬೀಡಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

"ಸಮಾಧಿ ಕಲ್ಲಿನ ಕೆಲ್ಸ ಇದೆ ಬಾರೋ."

"ಅಯ್ಯೋ ಪಾಪಂ, ಯಾರ್ದು ಸಾರ್?"

"ನಂದೇ ಕಣೋ."

ಅವನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಉಳಿ ಸುತ್ತಿಗೆ ಚೀಲಕ್ಕೆ ಹಾಕಿಕೊಂಡ.

ಸ್ಮಶಾನಕ್ಕೆ ದಾರಿ ಮೇಷ್ಟ್ರ ಬೀದಿಯ ಮೇಲೆಯೇ. ಎದುರುಮನೆಯ ಅನಸೂಯಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಆಕೆಯನ್ನು ದಾಟಿ ಆ ಬೀದಿಯಲ್ಲಿ ನಾಯಿಯೂ ಸುಮ್ಮನೆ ಹೋಗುವ ಹಾಗಿರಲಿಲ್ಲ.

"ಎಲ್ಲಿಗೆ ಮೇಷ್ಟ್ರೇ, ಆಳು ಕರ್ಕೊಂಡು ಹೊರಟ್ರಿ?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಮೇಷ್ಟ್ರು, "ಸಮಾಧಿ ಕಲ್ಲು ರೆಡಿ ಮಾಡಿಸೋಕೆ" ಅಂದರು.

"ಯಾರ್ದೂ?"

"ನಂದೇ. ಸಂಜೆ ಐದರೊಳಗೆ ಮುಗೀಬೇಕು ಅನಸೂಯಮ್ಮ, ಆಮೇಲೆ ಮಾತಾಡೋಣ."

"ಅಯ್ಯೋ ದೇವುಡಾ! ಐದರೊಳಗಾ? ಆಮೇಲೆ ಹೆಂಗೆ ಮಾತಾಡ್ತೀರಾ!" ಮೊರ ಒಂದು ಕಡೆ, ಅವರೆಕಾಳು ಇನ್ನೊಂದು ಕಡೆ. ಆಕೆ ಓಡಿಬಂದು ಮೇಷ್ಟ್ರ ರಟ್ಟೆ ಹಿಡಿದರು. "ಕೋದಂಡರಾಮಪ್ಪನೋರೇ! ಬೇಗ ಬನ್ನಿ! ಮೇಷ್ಟ್ರು ಏನೋ ಮಾಡ್ಕೊಳ್ಳೋಕೆ ಹೊರಟಿದಾರೆ!"

ಬೀದಿಗೆ ಬೀದಿಯೇ ಸೇರಿತು. ಹಿಂದೆ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ಈಗ ಬೀದಿಗೆಲ್ಲ ಡಾಕ್ಟರೇ ಆಗಿದ್ದ ಕೋದಂಡರಾಮಪ್ಪ ಮೇಷ್ಟ್ರನ್ನು ಮನೆಯೊಳಗೆ ಕೂರಿಸಿ ನಾಡಿ ಹಿಡಿದರು.

"ನನಗೇನೂ ಆಗಿಲ್ಲಪ್ಪ! ಕಲ್ಲಲ್ಲಿ ಹತ್ತೊಂಬತ್ತು ಅಂತಿದೆ, ಅದಾಗ್ಲೇ ಮುಗಿದುಹೋಗಿದೆ, ನಾನಿನ್ನೂ ಉಳ್ಕೊಂಡಿದೀನಿ, ಅದಕ್ಕೆ..."

ಕೋದಂಡರಾಮಪ್ಪ ಅನಸೂಯಮ್ಮನ ಮುಖ ನೋಡಿ ನಿಧಾನವಾಗಿ ತಲೆಯಾಡಿಸಿದರು. "ಒಂಟಿತನ ಅಮ್ಮಾ. ತಲೆಗೇರಿಬಿಟ್ಟಿದೆ. ಸಂಜೆ ತನಕ ಹೊರಗೆ ಬಿಡ್ಬೇಡಿ. ಮಜ್ಜಿಗೆ ಕೊಡಿ."

ಮೇಷ್ಟ್ರು ಎದ್ದರೆ ಇಬ್ಬರು ಕೂರಿಸಿದರು. ಕೂತರೆ ಮಜ್ಜಿಗೆ ಬಂತು. ಬುದ್ಧಿವಾದ ಹೇಳಿದವರಿಗೆ ಲೆಕ್ಕವಿಲ್ಲ. ಕೊನೆಗೆ ಅವರು ಕಿಟಕಿಯ ಸರಳು ಹಿಡಿದುಕೊಂಡು ಹೊರಗೆ ಕೂಗಿದರು:

"ಲೋ ಮುನಿಕೃಷ್ಣ, ನೀನೇ ಹೋಗೋ! ಹತ್ತೊಂಬತ್ತು ಇರೋದನ್ನ ಇಪ್ಪತ್ತು ಮಾಡು, ಅಷ್ಟೇ! ಹಳೇದು ಹೋಗೋ ಹಾಗೆ ಕಲ್ಲು ತಗ್ಗಿಸಿ ನೀಟಾಗಿ ಕೆತ್ತು!"

"ಅಟ್ಲೇ ಸಾರ್! ನೀವು ಹೇಳ್ಕೊಟ್ಟಂಗೇ ಮಾಡ್ತೀನಿ!" ಅವನ ಕಣ್ಣಲ್ಲಿ ನೀರಿತ್ತು. ಗುರುಗಳ ಕಡೇ ಆಸೆ ಅಂದುಕೊಂಡಿದ್ದ.

ಆ ಮಧ್ಯಾಹ್ನವೆಲ್ಲ ಮೇಷ್ಟ್ರು ಅಷ್ಟು ಜನರ ನಡುವೆಯೇ ಕೂತಿದ್ದರು. ಗೋಡೆಯ ಮೇಲಿನ ರೂತಮ್ಮನ ಫೋಟೋ ನೋಡುತ್ತಾ, ಕರ್ತನೇ, ಆಕೆ ಪಕ್ಕ ಬೇರೆ ಯಾರನ್ನೋ ಮಲಗಿಸಿಬಿಟ್ಟರೆ ನಾನು ಆಕೆಗೆ ಹೇಗೆ ಮುಖ ತೋರಿಸಲಿ ಎಂದು ಬೇಡಿಕೊಂಡರು. ನಿಜವಾಗಿಯೂ ಕಣ್ಣು ಒದ್ದೆಯಾಯಿತು. ಅದನ್ನು ನೋಡಿ ಅನಸೂಯಮ್ಮ ಇನ್ನೊಂದು ಲೋಟ ಮಜ್ಜಿಗೆ ತಂದರು.

ಐದಾಗುವ ಹೊತ್ತಿಗೆ, "ಆಯ್ತು, ನೀವೂ ಜೊತೆಗೆ ಬನ್ನಿ, ಕೈ ಬೇಕಾದ್ರೂ ಹಿಡ್ಕೊಳ್ಳಿ" ಎಂದು ಒಪ್ಪಿಸಿ ಹೊರಟರು. ಒಂದು ರಟ್ಟೆ ಕೋದಂಡರಾಮಪ್ಪನ ಕೈಲಿ, ಇನ್ನೊಂದು ಅನಸೂಯಮ್ಮನ ಕೈಲಿ.

ಕಮಿಟಿಯವರು ಕಲ್ಲಿನ ಮುಂದೆ ನಿಂತಿದ್ದರು. ಮುನಿಕೃಷ್ಣಪ್ಪ ಮೈಯೆಲ್ಲ ಬೆವರಾಗಿ ಟವೆಲಿನಲ್ಲಿ ಧೂಳು ಒರೆಸುತ್ತಿದ್ದ.

"ನೋಡ್ರಿ ಸಾರ್. ಊಟಕ್ಕೂ ಹೋಗ್ಲಿಲ್ಲ. ಒಂದು ಕಡೆ ತಿದ್ದಿ ಕೈ ತೊಳ್ಕೊಳ್ಳೋ ಶಿಷ್ಯ ಅಲ್ಲ ನಾನು. ಎಲ್ಲೆಲ್ಲಿ ಹತ್ತೊಂಬತ್ತು ಇತ್ತೋ ಹುಡುಕಿ ಹುಡುಕಿ ಮಾಡಿದೀನಿ. ಒಂದೂ ಬಿಟ್ಟಿಲ್ಲ!"

ಮೇಷ್ಟ್ರು ಓದಿದರು. ರೂತಮ್ಮ, 2038–2091. ಎಲೀಷ, 2036–20.

ಅಂಕಿಗಳೇನೋ ಮುತ್ತು ಪೋಣಿಸಿದ ಹಾಗಿದ್ದವು. ಕೈ ಅಭ್ಯಾಸಬಲದಿಂದ ಜೇಬಿನ ಚಾಕ್‌ಪೀಸಿಗೆ ಹೋಯಿತು, ಹಾಗೇ ವಾಪಸ್ ಬಂತು. ಬೈಯೋಣವೆಂದರೆ ಹುಡುಗ ಪಾಠ ಒಪ್ಪಿಸಿ ಶಹಭಾಸ್‌ಗಿರಿಗೆ ಕಾಯುವವನಂತೆ ನಿಂತಿದ್ದಾನೆ. ರೂತಮ್ಮನ ಹೆಸರಿನ ಮೇಲೆ ಬೆರಳಾಡಿಸಿದರು. ಈ ಕಲ್ಲಿನ ಪ್ರಕಾರ ಆಕೆ ಸತ್ತೇ ಇಲ್ಲ.

"ಚೆನ್ನಾಗಿ ಕೆತ್ತಿದೀಯ ಕಣೋ" ಅಂದರು.

ಅನಸೂಯಮ್ಮ ಮೇಷ್ಟ್ರ ಕೈ ಬಿಟ್ಟು ನಿಟ್ಟುಸಿರೆಳೆದರು. "ಸದ್ಯ! ಹುಟ್ಟೋಕೇ ಇನ್ನೂ ಎಷ್ಟೋ ವರ್ಷ ಇದೆ. ಇವತ್ತಂತೂ ಏನೂ ಆಗಲ್ಲ."

ಕರುಣಾಕರ್ ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೂ ಸಂಕಟವಾಗಿತ್ತು, ಮುಖದಲ್ಲೇ ಕಾಣುತ್ತಿತ್ತು.

"ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ಅವಧಿ ಮೀರಿದ್ರೆ ಹೇಗೋ ಮುಂದುವರಿಸ್ತಿದ್ದೆ. ಆದ್ರೆ ಇನ್ನೂ ಹುಟ್ಟದೇ ಇರೋರಿಗೆ ಜಾಗ ಕೊಡೋಕೆ ನಮ್ಮಲ್ಲಿ ರೂಲ್ಸೇ ಇಲ್ಲ." ತಲೆ ತಗ್ಗಿಸಿ ಸೇರಿಸಿದರು: "ಹಂಗೆ ನೋಡಿದ್ರೆ, ರೂತಮ್ಮನೋರ ಜಾಗಾನೂ ಕಮಿಟಿ ಮುಂದೆ ಇಡ್ಬೇಕಾಗುತ್ತೆ."