ಪ್ಲೇಆಫ್ ಗಡ್ಡ

ಚಂದ್ರಹಾಸನಿಗೆ ಗಡ್ಡ ಒಗ್ಗುತ್ತಿರಲಿಲ್ಲ. ಬಿಟ್ಟ ವಾರಕ್ಕೇ ಕೆನ್ನೆಯಲ್ಲಿ ಇರುವೆ ಗೂಡು ಕಟ್ಟಿದಂತೆ ತುರಿಕೆ. ಆದರೂ ಬಿಟ್ಟಿದ್ದ. ಐಸ್‌ಹಾಕಿ ಆಟ ಆಡಿ ಹೊಟ್ಟೆ ಹೊರೆಯುವವರಿಗೆ ಅದೊಂದು ವ್ರತ. ಸೀಸನ್ನಿನ ಕೊನೆಯ ಪ್ಲೇಆಫ್ ಪಂದ್ಯಗಳು ಶುರುವಾದರೆ, ಕಪ್ ಗೆಲ್ಲುವವರೆಗೆ ಇಲ್ಲವೇ ಸೋತು ಹೊರಬೀಳುವವರೆಗೆ ಯಾರೂ ಮುಖಕ್ಕೆ ಬ್ಲೇಡು ತಾಗಿಸುವಂತಿಲ್ಲ. ತಾಗಿಸಿದವನ ತಲೆಗೇ ಸೋಲಿನ ಪಾಪ.

ಕೆನಡಾದ ಮಾಲ್ಟನ್ನಿನಲ್ಲಿ ಹುಟ್ಟಿದ ಇವನು ಎಂಜಿನಿಯರ್ ಅಪ್ಪ ಪುರುಷೋತ್ತಮರ ಮುನಿಸು ಕಟ್ಟಿಕೊಂಡು ಗೋಲ್‌ಕೀಪರ್ ಆಗಿದ್ದ. ಊರೂರಿನ ಸಣ್ಣ ತಂಡಗಳಲ್ಲಿ ಬೆಂಚಿನ ಮೇಲೆ ಕೂತದ್ದೇ ಹೆಚ್ಚು. ಸೀಸನ್ ಮುಗಿದ ಮರುದಿನ ತಂಡದ ಫೋಟೋ ತೆಗೆಯುತ್ತಾರೆ. ಪ್ರತಿ ವರ್ಷವೂ ಅಷ್ಟರಲ್ಲಿ ಇವನನ್ನು ಕೈಬಿಟ್ಟಿರುತ್ತಿದ್ದರು. ಈ ಸಲ ಒಶಾವಾದ ತಂಡದಲ್ಲಿ ಕೊನೆಗೂ ಖಾಯಂ ಜಾಗ ಸಿಕ್ಕಿತ್ತು. ಅಪ್ಪನೂ ಸ್ವಲ್ಪ ಕರಗಿದ್ದರು.

"ನೀಟಾಗಿ ಶೇವ್ ಮಾಡ್ಕೊಂಡು ಫೋಟೋ ತೆಗೆಸ್ಕೊ. ಮನೆ ಹಾಲಲ್ಲಿ, ನಿಮ್ಮಣ್ಣನ ಕಾನ್ವೊಕೇಷನ್ ಫೋಟೋ ಪಕ್ಕದಲ್ಲೇ ಹಾಕ್ತೀನಿ. ಈ ಕಳ್ಳನ ಮುಖ ಆದ್ರೆ ಮಾತ್ರ ಗ್ಯಾರೇಜಿಗೆ."

ಆ ಹಾಲಿನ ಗೋಡೆಗಾಗಿ ಚಂದ್ರಹಾಸ ಎಷ್ಟು ವರ್ಷ ಕಾದಿದ್ದನೋ ಅವನಿಗೇ ಗೊತ್ತು.

ಪ್ಲೇಆಫ್‌ನ ನಿರ್ಣಾಯಕ ಪಂದ್ಯದ ದಿನ ಬೆಳಿಗ್ಗೆ ಕೊತ್ತಂಬರಿ ಸೊಪ್ಪು ತರಲು ಇಂಡಿಯನ್ ಅಂಗಡಿಗೆ ಹೋದದ್ದೇ ತಪ್ಪಾಯಿತು. ಬದನೆಕಾಯಿ ಆರಿಸುತ್ತಿದ್ದ ಸತ್ಯಭಾಮಾ ಆಂಟಿ ತಲೆ ಎತ್ತಿದರು. ಅವರು ರಿಟೈರಾದ ಹೆರಿಗೆ ಡಾಕ್ಟರು. ಕೆಲಸ ಬಿಟ್ಟಿದ್ದರೂ ಕುತೂಹಲ ಬಿಟ್ಟಿರಲಿಲ್ಲ.

"ಏನೋ ಇದು ಗಡ್ಡ? ಎಷ್ಟು ದಿನ ಆಯ್ತು ಬಿಟ್ಟು?"

"ತಿಂಗಳ ಮೇಲಾಯ್ತು ಆಂಟಿ."

"ಮೊದ್ಲೇ ಹೇಳಬಾರದೇನೋ!" ಆಂಟಿಯ ಕಣ್ಣು ಅರಳಿತು.

"ಹೇಳೋದೇನಿದೆ? ಟೀಮಲ್ಲಿ ಎಲ್ರೂ ಬಿಟ್ಟಿದಾರೆ."

"ಎಲ್ರೂನಾ? ಎಲ್ರ ಮನೇಲೂ ಒಟ್ಟಿಗೇನಾ?"

ಚಂದ್ರಹಾಸನಿಗೆ ಅರ್ಥವಾಗಲಿಲ್ಲ. ಹೆಂಡತಿ ಬಸುರಿಯಾದರೆ ಗಂಡ ಹೆರಿಗೆಯವರೆಗೆ ಗಡ್ಡ ತೆಗೆಯಬಾರದೆಂಬ ನಮ್ಮ ಕಡೆಯ ಪದ್ಧತಿ ಕೆನಡಾದಲ್ಲಿ ಹುಟ್ಟಿದ ಇವನ ಕಿವಿಗೆ ಎಂದೂ ಬಿದ್ದಿರಲಿಲ್ಲ. ಸುಮ್ಮನೆ ನಕ್ಕು ಒಶಾವಾಕ್ಕೆ ಕಾರು ಓಡಿಸಿದ.

ಅವನು ಹೈವೇ ಮುಟ್ಟುವ ಮೊದಲೇ ಸುದ್ದಿ ಕನ್ನಡದವರ ವಾಟ್ಸಾಪ್ ಗುಂಪು ಮುಟ್ಟಿತು. ಡ್ರೆಸ್ಸಿಂಗ್ ರೂಮಿನಲ್ಲಿ ಸ್ಕೇಟಿನ ಲೇಸು ಬಿಗಿಯುವಾಗ ಅದೇ ಗುಂಪಿನ, ಧಾರವಾಡ ಮೂಲದ ಬಸವಂತಪ್ಪನವರ ಫೋನು.

"ಏನಪಾ, ಇಂಥಾ ಸಿಹಿ ಸುದ್ದಿ ಮುಚ್ಚಿಟ್ಟಿ? ಕುಬಸ ನಮ್ಮ ಮನ್ಯಾಗ ಮಾಡೂಣು. ಹೋಳಿಗಿ ನಮ್ಮಾಕಿ ಮಾಡ್ತಾಳ."

"ಯಾರಿಗೆ ಅಂಕಲ್?"

"ಮತ್ಯಾರಿಗೋ, ನಿನಗೇನು? ನಿನ್ನ ಹೇಣ್ತಿಗೆ!"

ಫೋನಿಟ್ಟ ಕೂಡಲೇ ಹೆಂಡತಿ ನಿಧಿಯ ಕರೆ. ಮೈಸೂರಿನ ಹುಡುಗಿ, ಸಿಟ್ಟು ಬಂದರೆ ಮಾತು ಮೆಷಿನ್ನಿನಂತೆ.

"ನಿಮ್ಮ ಗಡ್ಡದಿಂದ ಮನೆ ತುಂಬ ಜನ! ಬಳೆ ತಂದಿದಾರೆ, ಕೋಡುಬಳೆ ತಂದಿದಾರೆ. ಏನೂ ಇಲ್ಲ ಅಂದ್ರೆ 'ನಾಚಿಕೆ' ಅಂತಾರೆ. ಮಾವನವರು ಆಗ್ಲೇ ಹೆಸರು ಹುಡುಕ್ತಿದಾರೆ. ಈಗ್ಲೇ ಹೋಗಿ ಶೇವ್ ಮಾಡಿ!"

"ಇವತ್ತು ಆಗಲ್ಲ ನಿಧಿ, ಟೀಮವ್ರು ಕೊಂದೇಬಿಡ್ತಾರೆ!"

"ಹಾಗಾದ್ರೆ ನಾನೇ ಫಾರ್ಮಸಿಗೆ ಹೋಗಿ ಟೆಸ್ಟ್ ಕಿಟ್ ತರ್ತೀನಿ. ನೆಗೆಟಿವ್ ಅಂತ ಕಣ್ಣಿಗೇ ಹಿಡಿದು ತೋರಿಸ್ತೀನಿ!"

ಮಧ್ಯಾಹ್ನದ ಪಂದ್ಯ ಕೊನೆಯ ನಿಮಿಷದವರೆಗೂ ಸಮಸಮ. ಚಂದ್ರಹಾಸ ಗೋಡೆಯಂತೆ ನಿಂತಿದ್ದ. ಆಗಲೇ ಮಾಸ್ಕಿನೊಳಗೆ ಗಲ್ಲ ತುರಿಸಿತು. ಒಂದೇ ಒಂದು ಸಲ ಮಾಸ್ಕನ್ನು ಭುಜಕ್ಕೆ ಒತ್ತಿ ಗಲ್ಲ ಉಜ್ಜಿಕೊಂಡ. ಅಷ್ಟರಲ್ಲಿ ಆಟದ ರಬ್ಬರ್ ಬಿಲ್ಲೆ, ಪಕ್, ಅವನ ಕಾಲುಗಳ ಮಧ್ಯೆ ಜಾರಿ ಗೋಲಾಯಿತು. ತಂಡ ಸೋತಿತು, ಸೀಸನ್ ಮುಗಿಯಿತು.

ಅವನಿಗೆ ಅಳುವೇ ಬಂತು. ಕ್ಯಾಪ್ಟನ್ ಬೆನ್ನು ತಟ್ಟಿ ಕೈಗೊಂದು ರೇಜರ್ ಕೊಟ್ಟ. ಸೋತವರೆಲ್ಲ ಕನ್ನಡಿಯೆದುರು ಸಾಲಾಗಿ ನಿಂತು ಗಡ್ಡ ಹೆರೆಯತೊಡಗಿದರು. ನೊರೆ ಹಚ್ಚಿದ ಚಂದ್ರಹಾಸನ ಎಡಗೆನ್ನೆ ನುಣ್ಣಗಾಯಿತು. ಆಹಾ, ಎಂಥ ಸುಖ! ಹೋಗಲಿ, ನಾಳೆ ಫೋಟೋ ಇದೆ, ಅಪ್ಪನ ಹಾಲ್ ಇದೆ ಎಂದು ಸಮಾಧಾನ ಮಾಡಿಕೊಂಡ.

ಫೋನು ಬಡಿದುಕೊಂಡಿತು.

"ರೀ..." ಎಂದಳು ನಿಧಿ. "ಪಾಸಿಟಿವ್. ಎರಡು ಸಲ ಮಾಡಿದೆ. ಆಂಟಿ ಹೇಳಿದ್ದೇ ನಿಜ!"

ಚಂದ್ರಹಾಸ ನೊರೆ ಮುಖದಲ್ಲೇ ಕ್ಯಾಪ್ಟನ್‌ನನ್ನು ಅಪ್ಪಿ ಕುಣಿದ. ಸೋಲು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಫೋನು ಅಪ್ಪನ ಕೈಗೆ ಹೋಗಿತ್ತು.

"ಹೆರಿಗೆ ಆಗೋವರೆಗೂ ಗಡ್ಡಕ್ಕೆ ಬ್ಲೇಡು ಮುಟ್ಟಿಸಬೇಡ, ಗೊತ್ತಾಯ್ತಾ?"

"ಅಪ್ಪಾ, ಅರ್ಧ ಆಗ್ಹೋಗಿದೆ!"

ಅತ್ತ ಗುಜುಗುಜು. ಆಮೇಲೆ ಸತ್ಯಭಾಮಾ ಆಂಟಿಯ ಗಟ್ಟಿ ದನಿ ಕೇಳಿಸಿತು. "ಆಗಿದ್ದು ಆಯ್ತು. ಉಳಿದರ್ಧ ಮುಟ್ಟಬೇಡ ಅನ್ನಿ!"

"ಅಪ್ಪಾ, ನಾಳೆ ಫೋಟೋ... ನೀವೇ ಶೇವ್ ಮಾಡ್ಕೊ ಅಂದಿದ್ರಿ... ಹಾಲ್ ಗೋಡೆ..."

ಪುರುಷೋತ್ತಮರ ಉತ್ತರ ಸಿದ್ಧವಾಗಿತ್ತು.

"ಹಾಲಲ್ಲಿ ಮೊಮ್ಮಗು ಫೋಟೋ ಹಾಕ್ಬೇಕಪ್ಪ. ನಿಂದು ತಗೊಂಡ್ ಬಾ, ಗ್ಯಾರೇಜಲ್ಲಿ ಜಾಗ ಮಾಡ್ತೀನಿ."